ಮಂಜಿನಲ್ಲಿ ನಿಂತ ಅಭಿಮಾನಿಗಳ ರೈಲು

ಸಂಜೆ ನಾಲ್ಕು ಗಂಟೆ ಮೂವತ್ತೇಳು ನಿಮಿಷಕ್ಕೆ ರೈಲಿನ ದೀಪಗಳು ಆರಿದವು. ಬಾಗಿಲ ಮೇಲಿನ ಫಲಕದಲ್ಲಿ ನಾನು ಆಗ ಗಂಟೆಯನ್ನೇ ನೋಡುತ್ತಿದ್ದೆ. ಫಲಕ ಕಪ್ಪಾದ ಮೇಲೂ ಆ ಅಂಕಿಗಳು ಸ್ವಲ್ಪ ಹೊತ್ತು ನನ್ನ ಕಣ್ಣಿನಲ್ಲಿ ಉಳಿದಿದ್ದವು. ನೈಮೆಗನ್ ಬಿಟ್ಟಾಗಿನಿಂದ ಡೋಲು ಬಡಿಯುತ್ತಿದ್ದವರು ಕೈ ತೆಗೆದರು. ರೈಲು ಸದ್ದಿಲ್ಲದೆ ಇನ್ನಷ್ಟು ದೂರ ಜಾರಿ, ನಿಂತಿತು.

ಅದು ಅಭಿಮಾನಿಗಳ ರೈಲು. ಹಾಗೆ ಹೆಸರಿಟ್ಟವರು ನಾವೇ. ನಾನು ಡಚ್ಚರ ಊರಾದ ಲೈಡನ್ನಿನಲ್ಲಿ ಸಂಶೋಧನೆ ಮಾಡುತ್ತೇನೆ; ಪ್ರಯೋಗಾಲಯದ ಹೊರಗೆ ನನಗಿದ್ದ ಒಂದೇ ಹುಚ್ಚು ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ. ಪ್ರತಿ ಚಳಿಗಾಲ ನಮ್ಮ ತಂಡ ನೈಮೆಗನ್ನಿನ ವಿದ್ಯಾರ್ಥಿಗಳೊಡನೆ ಆಡುತ್ತದೆ. ಆಟವೇನೋ ಚೆನ್ನಾಗಿರುತ್ತಿತ್ತು, ಹೋಗಿಬರುವುದು ಮಾತ್ರ ಚೆನ್ನಾಗಿರುತ್ತಿರಲಿಲ್ಲ. ನೋಡಲು ಹೋದವರು ದಾರಿಯಲ್ಲಿ ರೈಲು ಬದಲಿಸುವಾಗ ಚದುರಿ, ಅರ್ಧ ಆಟ ಮುಗಿದ ಮೇಲೆ ಮೈದಾನ ಮುಟ್ಟುತ್ತಿದ್ದರು. ತಿನ್ನಲು ತಣ್ಣಗಾದ ಆಲೂಗಡ್ಡೆ. ಸೋತ ಸಂಜೆ ಒಬ್ಬೊಬ್ಬರೇ ಕತ್ತಲಲ್ಲಿ ವಾಪಸು. ಇದನ್ನು ಸರಿಮಾಡಬೇಕೆಂದು ನಾವೊಂದು ಸಣ್ಣ ಸಮಿತಿ ಮಾಡಿಕೊಂಡೆವು. ಎಲ್ಲರಿಗೂ ಒಂದೇ ರೈಲು, ಅದರಲ್ಲಿ ನಮಗೇ ಎರಡು ಬೋಗಿ, ಪ್ಲಾಟ್‌ಫಾರ್ಮಿನಲ್ಲಿ ಚಹಾ, ನಿಲ್ದಾಣದಿಂದ ಮೈದಾನಕ್ಕೆ ಡೋಲಿನ ಜೊತೆ ನಡಿಗೆ, ಮಧ್ಯಂತರದಲ್ಲಿ ಬಿಸಿ ಸೂಪು. ಮನೆಯವರನ್ನೂ ಕರೆತನ್ನಿ ಎಂದೆವು.

ನಾನು ನನ್ನ ಅಪ್ಪನನ್ನು ಕರೆದೊಯ್ದೆ.

ಅಪ್ಪ ಗದಗಿನ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣದ ಮಾಸ್ತರರಾಗಿ ನಿವೃತ್ತರಾದವರು. ಅವ್ವ ಅಕ್ಕನ ಬಾಣಂತನದಲ್ಲಿದ್ದಳು. ಅಪ್ಪ ಒಬ್ಬರೇ ಚಳಿಗಾಲ ಕಳೆಯಲು ಚಿಕ್ಕ ಮಗಳಾದ ನನ್ನ ಬಳಿ ಬಂದಿದ್ದರು. ಸಮಿತಿಯ ಸಭೆ ನನ್ನ ಮನೆಯಲ್ಲೇ ನಡೆಯುತ್ತಿದ್ದುದರಿಂದ ಅವರಿಗೆ ಎಲ್ಲ ಕೇಳಿಸುತ್ತಿತ್ತು, ತಡೆಯಲಾಗದೆ ಬಾಯಿ ಹಾಕುತ್ತಿದ್ದರು. "ಆಟ ಮುಗದ ಮ್ಯಾಲೆ ಉಣ್ಣಾಕ ಕೊಡಬ್ಯಾಡ್ರಿ, ಮೊದಲ ಕೊಡ್ರಿ. ಹಸದ ಹೊಟ್ಟಿ ಸೋತ್ರ ಜಗಳಾ ತಗೀತೈತಿ."

ಸಮಿತಿಯಲ್ಲಿದ್ದ ನನ್ನ ಬೆಂಗಳೂರಿನ ಗೆಳೆಯ ಇದನ್ನು ಡಚ್ಚರಿಗೆ ಇಂಗ್ಲಿಷಿನಲ್ಲಿ ಹೇಳಿ ನಗಿಸುತ್ತಿದ್ದ. "ಅಂಕಲ್, ನೀವೇ ನಮ್ ಚೇರ್ಮನ್ ಆಗ್ಬಿಡಿ. ನಾವೆಲ್ಲ ಸುಮ್ನೆ ಪವರ್‌ಪಾಯಿಂಟ್ ಮಾಡ್ಕೊಂಡು ಕೂತಿದೀವಿ."

"ಆಗ್ತೇನಿ, ಆದ್ರ ಸೀಟಿ ಹೊಡದ್ರ ನೀ ಓಡಬೇಕು ಮತ್ತ. ಹೊಟ್ಟಿ ನೋಡಿದೇನ ನಿಂದು?"

ಅಪ್ಪನ ಎರಡು ಅಭ್ಯಾಸಗಳನ್ನು ಇಲ್ಲಿ ಹೇಳಿಬಿಡಬೇಕು. ಮೊದಲನೆಯದು, ನಿಲ್ದಾಣವಲ್ಲದ ಕಡೆ ರೈಲು ನಿಂತರೆ ಅವರು ಕೂತಿರಲಾರರು. ತಂಡಗಳನ್ನು ಕಟ್ಟಿಕೊಂಡು ಅಂತರ ಕಾಲೇಜು ಪಂದ್ಯಗಳಿಗೆ ಸುತ್ತಿದವರು. ಹೊಟಗಿ ಕಡೆಯ ದಾರಿಯಲ್ಲಿ ಸಿಗ್ನಲ್ಲಿಗೆ ನಿಂತ ಪ್ಯಾಸೆಂಜರ್ ಗಾಡಿಯಿಂದ ಇಡೀ ತಂಡ ಇಳಿದು, ಹಳಿಯ ಬದಿಯಲ್ಲಿ ಚೆಂಡು ಒದ್ದು, ಗಾಡಿ ಕೂಗಿದಾಗ ಓಡಿಬಂದು ಹತ್ತುತ್ತಿದ್ದ ಕಥೆಯನ್ನು ಅವರು ಎಷ್ಟೋ ಸಲ ಹೇಳಿದ್ದರು. ನಮ್ಮಲ್ಲಿ ಅದು ಸಾಹಸವೂ ಅಲ್ಲ, ತಪ್ಪೂ ಅಲ್ಲ. ಗಾಡಿ ನಿಂತರೆ ಗಂಡಸರು ಇಳಿಯುತ್ತಾರೆ, ಅಷ್ಟೆ.

ಎರಡನೆಯದು, ಹೊತ್ತು ಮುಳುಗಿದ ಮೇಲೆ ಕಣ್ಣಿಗೆ ಕಾಣದವರು ಕೂಗಿದರೆ ಮೂರನೆಯ ಕೂಗಿನವರೆಗೆ ಓ ಎನ್ನುತ್ತಿರಲಿಲ್ಲ. ಅವರ ಅಜ್ಜಿ ಕಲಿಸಿದ್ದು. ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ; ಬೇರೆಯದಕ್ಕೆ ಅಷ್ಟು ತಾಳ್ಮೆ ಇರುವುದಿಲ್ಲವಂತೆ. ಮನೆಯಲ್ಲಿ ಇದು ದಿನದ ತಮಾಷೆ. ಹಿತ್ತಲಿನಿಂದ ಅವ್ವ ಕೂಗಿ ಕೂಗಿ ಬೇಸತ್ತು, "ನಾ ದೆವ್ವ ಅಲ್ರೀ, ನಿಮ್ಮ ಹೇಣ್ತಿ!" ಎಂದು ಚೀರುತ್ತಿದ್ದಳು. "ಎರಡೂ ಒಂದ ಅಲ್ಲೇನು?" ಎಂದು ಅಪ್ಪ ಆಮೇಲೆ ಎದ್ದು ಹೋಗುತ್ತಿದ್ದರು.

ಆ ದಿನ ಪಂದ್ಯ ಸಮವಾಯಿತು. ಸೂಪು ಬಿಸಿಯಾಗಿತ್ತು, ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ವಾಪಸು ಹೊರಟ ರೈಲು ವಾಲ್ ನದಿಯ ಸೇತುವೆ ದಾಟಿದಾಗ ನೀರು ಕಾಣಲಿಲ್ಲ. ಮಂಜು ನದಿಯಿಂದೆದ್ದು ಹೊಲಗಳ ಮೇಲೆ ಹರಡುತ್ತಿತ್ತು. ಅದರಾಚೆ ಹಣ್ಣಿನ ತೋಟಗಳ ಸಪಾಟು ನೆಲ. ರೈಲು ಅಲ್ಲಿ ನಿಂತಿತು.

ಮೊದಲು ಎಲ್ಲರೂ ನಕ್ಕರು. ಯಾರೋ ಕತ್ತಲಲ್ಲಿ ನಮ್ಮ ತಂಡದ ಘೋಷಣೆ ಶುರುಮಾಡಿದರು, ಅದು ಎರಡು ಸಾಲಿಗೆ ಬಿದ್ದುಹೋಯಿತು. ಕಿಟಕಿಯಾಚೆ ಎಲೆಯಿಲ್ಲದ ಗಿಡಗಳು ಸಾಲಾಗಿ ನಿಂತಿದ್ದವು. ಎಲ್ಲ ಒಂದೇ ಎತ್ತರ, ಎಲ್ಲದರ ತೋಳು ಒಂದೇ ರೀತಿ ಮೇಲೆ. ಗೋಲಾಗುವುದನ್ನು ಕಾಯುತ್ತ ಎದ್ದುನಿಂತ ಜನರಂತೆ ಕಂಡವು, ಆದರೆ ಸದ್ದಿಲ್ಲದ ಜನ. ಅದನ್ನು ಅಪ್ಪನಿಗೆ ತೋರಿಸಬೇಕೆಂದು ತಿರುಗಿದೆ. ಅವರ ಮಫ್ಲರ್ ಸೀಟಿನ ಮೇಲಿತ್ತು. ಅವರು ಇರಲಿಲ್ಲ.

ಶೌಚಾಲಯ ನೋಡಿದೆ. ಪಕ್ಕದ ಬೋಗಿ ನೋಡಿದೆ. ಎರಡು ಬೋಗಿಗಳ ನಡುವೆ ಬಂದಾಗ ಕಾಲಿಗೆ ಚಳಿ ಹತ್ತಿತು. ಗಾಳಿಗಾಗಿಯೋ ಏನೋ, ಯಾರೋ ತುರ್ತು ಹಿಡಿ ಎಳೆದು ಬಾಗಿಲು ತೆರೆದಿದ್ದರು. ಅದು ಎದುರು ಹಳಿಯ ಕಡೆಯ ಬಾಗಿಲು. ಬಾಗಿಲಿನಲ್ಲಿ ಯಾರೂ ಇರಲಿಲ್ಲ, ಮಂಜು ಮಾತ್ರ ಒಳಗೆ ಬರುತ್ತಿತ್ತು.

ಗೆಳೆಯ ನನ್ನ ಹಿಂದೆಯೇ ಬಂದ. "ಏ, ಅಂಕಲ್ ಇಲ್ಲಿಂದ ಇಳಿದ್ರಾ? ಸುಮ್ನಿರು, ಹಾಗೆಲ್ಲ ಇಳಿಯಲ್ಲ ಅವ್ರು."

ಇಳಿಯುತ್ತಾರೆಂದು ನನಗೆ ಗೊತ್ತಿತ್ತು.

ರೈಲಿನ ಕಂಡಕ್ಟರ್ ಟಾರ್ಚು ಹಿಡಿದು ಓಡಿಬಂದಳು. ನಡುವಯಸ್ಸಿನ ಹೆಂಗಸು. ತೆರೆದ ಬಾಗಿಲು ನೋಡಿದವಳೇ ಯಾರಾದರೂ ಇಳಿದಿದ್ದಾರಾ ಎಂದು ಕೇಳಿದಳು. ನನ್ನ ತಂದೆ, ಎಂದೆ. ಅವಳು ಫೋನಿನಲ್ಲಿ ಡಚ್ಚಿನಲ್ಲಿ ವೇಗವಾಗಿ ಮಾತಾಡಿದಳು, ನನ್ನ ಕಡೆ ನೋಡದೆ ಇಂಗ್ಲಿಷಿನಲ್ಲಿ ಹೇಳಿದಳು: "ಇಳಿಯಬೇಡ. ಎದುರಿನ ಹಳಿಯ ರೈಲುಗಳನ್ನು ಇನ್ನೂ ನಿಲ್ಲಿಸಿಲ್ಲ." ನನ್ನ ಜಾಕೀಟಿನ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಅಷ್ಟರಲ್ಲಿ ಮಂಜು ದಟ್ಟವಾಗಿತ್ತು; ಅವಳ ಟಾರ್ಚಿನ ಬೆಳಕು ಅದಕ್ಕೆ ತಾಗಿ ಗೋಡೆಯಂತಾಯಿತು. ಹತ್ತಿರದ ಕಲ್ಲುಗಳು ಕಂಡವು, ಎದುರು ಹಳಿಯ ಒಂದು ಕಂಬಿ ಕಂಡಿತು, ಎರಡನೆಯದು ಕಾಣಲಿಲ್ಲ.

"ಅಪ್ಪಾ!" ಎಂದು ಕೂಗಿದೆ.

ಉತ್ತರವಿಲ್ಲ. ಎಲ್ಲೋ ಕಲ್ಲಿನ ಮೇಲೆ ಕಾಲು ಸರಿದ ಸದ್ದು. ಅದು ಹತ್ತಿರದ್ದೋ ದೂರದ್ದೋ ಹೇಳಲಾಗುತ್ತಿರಲಿಲ್ಲ.

"ಅಪ್ಪಾ!"

ಉತ್ತರವಿಲ್ಲ. ಆಗ ಕಂಬಿ ಸಣ್ಣಗೆ ಹಾಡತೊಡಗಿತು. ಸೊಳ್ಳೆ ಕಿವಿಯ ಬಳಿ ಬಂದಂತೆ, ತೀರ ತೆಳುವಾದ ಸದ್ದು. ಕಂಡಕ್ಟರ್ ಫೋನಿನಲ್ಲಿ ಒಂದೇ ಶಬ್ದವನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ನಾನು ಇನ್ನೊಮ್ಮೆ ಕೂಗಲು ಬಾಯಿ ತೆರೆದೆ. ಬಾಯಿ ತೆರೆದದ್ದು ನೆನಪಿದೆ, ಮಂಜು ನಾಲಿಗೆಗೆ ತಾಗಿದ್ದು ನೆನಪಿದೆ. ಸದ್ದು ಹೊರಡಲಿಲ್ಲ. ಆಮೇಲೆ ಬೆಳಕು ಬಂತು, ಬೆಳಕಿನ ಹಿಂದೆಯೇ ರೈಲು ಬಂತು. ಮುಖಕ್ಕೆ ಹೊಡೆದ ಗಾಳಿಗೆ ಕಣ್ಣು ಮುಚ್ಚಿದವು. ಅದರ ಬೋಗಿಗಳು ಮುಗಿಯುವಂತೆ ಕಾಣಲಿಲ್ಲ. ಬೆಳಗಿದ ಕಿಟಕಿಗಳಲ್ಲಿ ಜನ ಪೇಪರು ಓದುತ್ತಿದ್ದರು, ಒಬ್ಬಾಕೆ ತಲೆಗೂದಲು ಕಟ್ಟಿಕೊಳ್ಳುತ್ತಿದ್ದಳು.

ಅದು ಹೋದ ಮೇಲೆ ಏನೂ ಇರಲಿಲ್ಲ. ಬೋಗಿಯಲ್ಲಿದ್ದ ಇಡೀ ಗುಂಪು ನನ್ನ ಬೆನ್ನ ಹಿಂದೆ ನಿಂತಿತ್ತು. ಆಚೆಯ ತೋಟದ ಗಿಡಗಳ ಗುಂಪೂ ಹಾಗೆಯೇ ನಿಂತಿತ್ತು.

"ಓ..." ಎಂದಿತು ಒಂದು ಧ್ವನಿ, ಗಿಡಗಳ ಕಡೆಯಿಂದ. "ಇಲ್ಲೇ ಅದೀನವಾ. ಯಾಕ, ಗಾಡಿ ಬಿಡತೈತೇನು?"

ಎದುರಿನ ಹಳಿಯ ರೈಲುಗಳನ್ನು ನಿಲ್ಲಿಸಿದ್ದು ಖಚಿತವಾದ ಮೇಲೆಯೇ ಕಂಡಕ್ಟರ್ ಇಳಿದುಹೋಗಿ ಅವರನ್ನು ಕೈಹಿಡಿದು ಕರೆತಂದಳು. ಅವರ ಬೂಟಿನ ತುಂಬ ಕೆಸರು. ಅವಳು ಅವರನ್ನು ಬೈಯಲಿಲ್ಲ; ಸೀಟಿನಲ್ಲಿ ಕೂರಿಸಿ, ತಾನೇ ಮಫ್ಲರ್ ಸುತ್ತಿ, ಆಚೆ ಹೋಗಿ ಗೋಡೆಗೊರಗಿ ನಿಂತು ಅತ್ತಳು. ದೀಪ ಬಂತು. ಡೋಲನ್ನು ಯಾರೂ ಮುಟ್ಟಲಿಲ್ಲ.

ಮನೆಗೆ ಬಂದು, ಅವಲಕ್ಕಿಯ ತಟ್ಟೆ ಮುಂದಿಟ್ಟುಕೊಂಡು ಅಪ್ಪ ಹೇಳಿದರು. ಹಳಿ ದಾಟಿ ಆಚೆ ಬದಿಗೆ ಹೋಗಿದ್ದರು. ವಾಪಸು ಬರಲು ತಿರುಗಿ, ಎದುರು ಹಳಿಯ ಕಲ್ಲುಗಳ ಮೇಲೆ ಕಾಲಿಟ್ಟಿದ್ದರು. ಆಗ ನನ್ನ ಮೊದಲ ಕೂಗು ಕೇಳಿಸಿತು. ಅಭ್ಯಾಸದಂತೆ ನಿಂತರು. ಎರಡನೆಯದೂ ಕೇಳಿಸಿತು. ನಿಂತೇ ಇದ್ದರು.

"ಮೂರನೇದ್ದು ಕೂಗಿದೆಲ್ಲ, ಆವಾಗ ಬಂದೆ."

"ಎಲ್ಲಿಗೆ ಬಂದ್ರಿ? ನೀವು ತೋಟದಾಗ ಇದ್ರಿ."

"ಹೂಂ. ನೀ ಅಲ್ಲಿಂದನ ಕೂಗಿದಿ. ನನ್ನ ಬೆನ್ನ ಹಿಂದಿಂದ. ಇಕಿ ಯಾವಾಗ ಇಳದು ಆ ಕಡೆ ಹ್ವಾದ್ಲಪಾ ಅಂತ ತಿರುಗಿ ಗಿಡದ ಕಡೆ ನಡದೆ. ಅಷ್ಟೊತ್ತಿಗೆ ಹಿಂದ ಗಾಡಿ ಹೋತು."

"ನಾ ಎರಡ ಸಲ ಕೂಗೇನಿ, ಅಪ್ಪಾ. ಬಾಗಲದಾಗಿಂದ ಅಲ್ಲಾಡಿಲ್ಲ."

ಅಪ್ಪ ಅವಲಕ್ಕಿಯಿಂದ ಶೇಂಗಾ ಆರಿಸಿದರು. "ಧ್ವನಿ ನಿಂದ ಇತ್ತು," ಎಂದರು. ಆಮೇಲೆ ಅವರು ಮಲಗಿ ನಿದ್ದೆ ಹೋದರು. ಅವರ ಗೊರಕೆ ಗೋಡೆಯಾಚೆ ಕೇಳಿಸುತ್ತಿತ್ತು.

ಅಂದಿನಿಂದ ನನಗೆ ನಿದ್ದೆ ಬಾರದಾಯಿತು. ಕಣ್ಣು ಮುಚ್ಚಿದರೆ ಬಾಗಿಲು, ಒಂದು ಕಂಬಿ, ಕಾಣದ ಎರಡನೆಯ ಕಂಬಿ. ಭಯ ಮೂರನೆಯ ಕೂಗಿನದಲ್ಲ, ಮೊದಲೆರಡರದು. ಎಲ್ಲ ಮಕ್ಕಳ ಅಪ್ಪಂದಿರ ಹಾಗೆ ಅವರೂ ಮಗಳ ಮೊದಲ ಕೂಗಿಗೇ ಓ ಎಂದು ಬಂದಿದ್ದರೆ, ಬರುತ್ತಿದ್ದದ್ದು ಆ ಹಳಿಯ ಮೇಲೆ. ನಾನು ಅವರನ್ನು ಎಲ್ಲಿಗೆ ಕರೆಯುತ್ತಿದ್ದೆ? ಪ್ರತಿ ರಾತ್ರಿ ಕಣ್ಣು ಮುಚ್ಚಿದೊಡನೆ ಅವರು ಮೊದಲ ಕೂಗಿಗೇ ಓ ಎನ್ನುತ್ತಿದ್ದರು. ಪ್ರತಿ ರಾತ್ರಿ ಕಲ್ಲಿನ ಮೇಲೆ ಕಾಲು ಸರಿಯುತ್ತಿತ್ತು. ನಾನು ಎದ್ದು ಅವರ ಕೋಣೆಯ ಬಾಗಿಲಿಗೆ ಕಿವಿಗೊಟ್ಟು ನಿಲ್ಲುತ್ತಿದ್ದೆ. ಗೊರಕೆ ಕೇಳಿಸುತ್ತಿತ್ತು. ಹಗಲಲ್ಲೂ ಅವರು ಪಕ್ಕದ ಕೋಣೆಯಲ್ಲಿದ್ದರೆ ಕರೆಯುವುದನ್ನೇ ಬಿಟ್ಟೆ. ಎದ್ದುಹೋಗಿ ಭುಜ ಮುಟ್ಟಿ ಮಾತಾಡಿಸುತ್ತಿದ್ದೆ.

ಗೆಳೆಯನನ್ನು ಕೇಳಿದೆ. ನೀನೇನಾದರೂ ಕೂಗಿದೆಯಾ?

"ಇಲ್ಲ ಕಣೆ. ನಿಜ ಹೇಳ್ತೀನಿ, ನಂಗೆ ಬಾಯಲ್ಲಿ ಉಸಿರೇ ಇರ್ಲಿಲ್ಲ. ನೀನು ಎರಡು ಸಲ ಕೂಗಿದ್ದು ಕೇಳಿಸ್ತು. ಆಮೇಲೆ ಟ್ರೇನ್." ಕೊನೆಗೆ, "ಎಕೋ ಇರುತ್ತೆ ಬಿಡು," ಎಂದ. ಹಾಗೆಂದವನು, ಅಲ್ಲಿಯವರೆಗೆ ತನ್ನ ಮನೆಯಲ್ಲೇ ಇರುತ್ತಿದ್ದ ಡೋಲನ್ನು ಅಂದಿನಿಂದ ಇಟ್ಟುಕೊಳ್ಳಲು ಒಪ್ಪಲಿಲ್ಲ. ಅದು ಈಗಲೂ ತಂಡದ ಬಟ್ಟೆ ಬದಲಿಸುವ ಕೋಣೆಯಲ್ಲಿದೆ.

ಸಮಿತಿ ಮತ್ತೆ ಸೇರಿತು. ರೈಲು ಬೇಡವೇ ಬೇಡ ಎಂದವರಿದ್ದರು. ಬೇಕು ಎಂದವರು ಅಪ್ಪ. "ಹುಡುಗ್ರನ್ನ ಮತ್ತ ಒಬ್ಬೊಬ್ಬರ್ನ ಕತ್ತಲದಾಗ ಕಳಸ್ತೀರೇನು? ಗಾಡಿದು ತಪ್ಪಲ್ಲ. ಇಳದಾಂವ ನಾನು." ಕೊನೆಗೆ ಅವರು ಹೇಳಿದಂತೆಯೇ ಆಯಿತು: ಪ್ರತಿ ಬಾಗಿಲಿಗೆ ನಮ್ಮವರೊಬ್ಬರು, ರೈಲು ಎಲ್ಲಿ ನಿಂತರೂ ಅವರು ಎದ್ದು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಬೇಕು, ಕಂಡಕ್ಟರ್ ಹೇಳುವವರೆಗೆ. ಮನೆಯಿಂದ ಬಂದ ಹಿರಿಯರಿಗೆ ಹೊರಡುವ ಮೊದಲೇ ಅವರ ಭಾಷೆಯಲ್ಲಿ ತಿಳಿಹೇಳಬೇಕು: ಇಲ್ಲಿ ಯಾರೂ ಇಳಿಯುವುದಿಲ್ಲ.

ಇದನ್ನು ಒಮ್ಮೆ ಮಾಡಿ ನೋಡಲೂ ಮುಂದಿನ ಪಂದ್ಯದ ಮಾತುಕತೆಗೂ ಮಾರ್ಚಿನಲ್ಲಿ ನಾವು ಕೆಲವರು ಮತ್ತೆ ನೈಮೆಗನ್ನಿಗೆ ಹೊರಟೆವು. ಅಪ್ಪ ಊರಿಗೆ ಮರಳಲು ಕೆಲವೇ ದಿನ ಉಳಿದಿದ್ದವು. ನಾನು ಮೊದಲು ಬರುವುದಿಲ್ಲ ಎಂದಿದ್ದೆ; ಅವರು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಾಗ ಹೊರಟೆ.

ಬಿಸಿಲಿನ ಮಧ್ಯಾಹ್ನ. ತೋಟಗಳು ಬಂದಾಗ ನಾನು ಕಿಟಕಿಗೆ ಹಣೆ ಒತ್ತಿ ನೋಡಿದೆ. ಧ್ವನಿಯನ್ನು ವಾಪಸು ಕಳಿಸಬಲ್ಲ ಒಂದು ಗೋಡೆ, ಒಂದು ಕೊಟ್ಟಿಗೆ, ಒಂದು ದಿಬ್ಬ ಹುಡುಕಿದೆ. ಸಣ್ಣ ಕಾಲುವೆ ಇತ್ತು, ಗಿಡಗಳಿದ್ದವು, ಅವುಗಳಾಚೆ ಸಪಾಟು ಹುಲ್ಲು, ಆಕಾಶ. ಬೇರೇನೂ ಇರಲಿಲ್ಲ. ಅಪ್ಪನಿಗೆ ತೋರಿಸಲು ತಿರುಗಿದೆ. ಅವರು ಬಾಯಿ ತೆರೆದುಕೊಂಡು ನಿದ್ದೆಯಲ್ಲಿದ್ದರು. ಆ ಜಾಗ ಅವರ ತಲೆಯ ಹಿಂದೆ ಕಿಟಕಿಯಲ್ಲಿ ಸರಿದುಹೋಯಿತು. ಗೆಳೆಯ ಬಾಗಿಲಿಗೆ ಬೆನ್ನು ಕೊಟ್ಟು, ರೈಲು ನಿಲ್ಲದಿದ್ದರೂ, ನಿಂತೇ ಇದ್ದ.

ಮರುದಿನ ಕಣ್ಣು ಬಿಟ್ಟಾಗ ಪರದೆಯಂಚಿನಲ್ಲಿ ಬೆಳಕಿತ್ತು. ಬೆಳಗಾಗಿದೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ರಾತ್ರಿ ಎದ್ದಿರಲಿಲ್ಲ. ಬಾಗಿಲಿಗೆ ಕಿವಿಗೊಟ್ಟಿರಲಿಲ್ಲ. ಅಡುಗೆಮನೆಯಿಂದ ಅಪ್ಪ ಕೂಗುತ್ತಿದ್ದರು.

"ಓ," ಎಂದೆ.

ಅವರು ಲೋಟ ಹಿಡಿದು ಬಾಗಿಲಿಗೆ ಬಂದರು. "ಎಷ್ಟೊತ್ತಿಂದ ಕೂಗಾಕತ್ತೇನಿ ನಿನ್ನ."

"ಎಷ್ಟ ಸಲ ಕೂಗಿದ್ರಿ?"

ಅಪ್ಪ ನನ್ನ ಮುಖ ನೋಡಿದರು.

"ಲೆಕ್ಕಾ ಇಟ್ಟಿಲ್ಲವಾ," ಎಂದರು. "ಏಳು. ಚಹಾ ಆರತೈತಿ."