ಹಳೇ ಬಾಗಿಲಿನ ಹೊಸ ಬೀಗ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಬೀಗದಕ್ಕ ಎನ್ನುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರಿಗೂ ಅವಳು ಅಕ್ಕನೇ. ಅಪ್ಪನಿಂದ ಬಂದ ಅಂಗಡಿ ಅದು. ಒಬ್ಬ ಗಿರಾಕಿ ಒಳಗೆ ಬಂದರೆ ಇನ್ನೊಬ್ಬ ಮೆಟ್ಟಿಲ ಮೇಲೇ ನಿಲ್ಲಬೇಕು. ಗೋಡೆ ತುಂಬ ಮೊಳೆ, ಮೊಳೆ ತುಂಬ ಇನ್ನೂ ಕೊರೆಯದ ಕೀಲಿಗಳು. ಗಂಡ ತೀರಿಕೊಂಡಿದ್ದ, ಇದ್ದದ್ದು ಒಬ್ಬಳೇ ಮಗಳು. ಮಗಳ ಮದುವೆಯ ಮಾತು ಯಾರಾದರೂ ಎತ್ತಿದರೆ, "ನಮ್ಮಲ್ಲಿ ಬೀಗ ಬೇಕಾದಷ್ಟಿದೆ, ಬೀಗರಿಗೇನು ಅವಸರ?" ಎಂದು ನಗಿಸಿ ಕಳಿಸುತ್ತಿದ್ದಳು.

ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಫೋನು ಬಂತು. ಕೀಲಿ ಕಳೆದಿದೆ, ಮನೆ ಬಾಗಿಲು ತೆಗೆಯಬೇಕು ಎಂದ ಒಬ್ಬ. ಮೂರನೇ ಮಹಡಿ. ನೀಟಾಗಿ ಇಸ್ತ್ರಿ ಮಾಡಿದ ಅಂಗಿ, ಹೆಗಲಲ್ಲಿ ಆಫೀಸಿನ ಚೀಲ. ತನ್ನ ಹೆಸರಲ್ಲಿದ್ದ ವಿದ್ಯುತ್ ಬಿಲ್ಲು ತೋರಿಸಿದ, ಫೋನಿನಲ್ಲಿ ಮದುವೆಯ ಫೋಟೋ ತೋರಿಸಿದ. ಬೀಗದಕ್ಕ ನಾಲ್ಕು ನಿಮಿಷದಲ್ಲಿ ಬಾಗಿಲು ತೆಗೆದು, ತನ್ನ ಸಲಕರಣೆಯ ಚೀಲ ಎತ್ತಿಕೊಂಡು ಮುಂದಿನ ಕೆಲಸಕ್ಕೆ ಹೋದಳು.

ಅವನ ಹೆಂಡತಿ ಸಂಜೆ ಕೆಲಸದಿಂದ ಬಂದಾಗ ಅವನು ಒಳಗೆ ಕಾದು ಕೂತಿದ್ದ. ಅವಳ ಎಡಗೈ ಎರಡು ಕಡೆ ಮುರಿಯಿತು.

ಗಂಡನನ್ನು ಹೊರಗೆ ಹಾಕಿ ವಾರವಾಗಿತ್ತು, ಬೀಗ ಬದಲಾಯಿಸಿದ್ದೆ ಎಂದು ಹೆಂಡತಿ ಹೇಳಿದಳು, ಆದರೆ ರಸೀದಿ ಇಟ್ಟಿರಲಿಲ್ಲ. ಇಬ್ಬರೂ ಒಟ್ಟಿಗೇ ಇದ್ದೆವು, ನನ್ನ ಕೀಲಿ ಕಳೆದಿತ್ತು, ಮಾತಿಗೆ ಮಾತು ಬೆಳೆಯಿತು ಎಂದು ಗಂಡ ಹೇಳಿದ. ಪೊಲೀಸರು ಬೀಗದಕ್ಕನನ್ನು ಕೇಳಿದರು, ಆಮೇಲೆ ಕೋರ್ಟಿನಲ್ಲೂ ಕೇಳಿದರು. ಅವಳು ಎರಡೂ ಕಡೆ ಒಂದೇ ಮಾತು ಹೇಳಿದಳು: ಕಾಗದ ಸರಿಯಾಗಿತ್ತು, ಅನುಮಾನ ಬರುವಂಥದ್ದು ಏನೂ ಕಾಣಲಿಲ್ಲ. ಗಂಡ ಸಣ್ಣ ಶಿಕ್ಷೆಯಲ್ಲಿ ಪಾರಾದ.

ಮಗಳಿಗೂ ಅವಳು ಹೇಳಿದ್ದು ಅಷ್ಟೇ ಕಥೆ. ಮಗಳು ಕಂಪ್ಯೂಟರ್ ಗೇಮ್ ಮಾಡುವುದನ್ನು ಕಲಿತಿದ್ದಳು. ಒಂದು ದಿನ ಊಟದ ಮೇಜಿನಲ್ಲಿ, "ಅಮ್ಮ, ಆ ಬಾಗಿಲಿನ ಕಥೆ ಗೇಮ್ ಮಾಡ್ಲಾ?" ಎಂದು ಕೇಳಿದಾಗ ಬೀಗದಕ್ಕ, "ಮಾಡ್ಕೋ, ಅದನ್ನ ಯಾರು ನೋಡ್ತಾರೆ?" ಎಂದಿದ್ದಳು.

ನೋಡುವವರಿದ್ದರು. ಗೆಳತಿಯೊಬ್ಬಳು ಚಿತ್ರ ಬರೆದುಕೊಟ್ಟಳು, ಎಂಟು ತಿಂಗಳಲ್ಲಿ ಆಟ ಸಿದ್ಧವಾಯಿತು. ಇಪ್ಪತ್ತೈದು ನಿಮಿಷದ ಆಟ. ಆಡುವವರೇ ಬೀಗದವಳು, ಎದುರಿಗೆ ಇಸ್ತ್ರಿ ಅಂಗಿಯ ಗಂಡಸು. ಕಾಗದ ಕೇಳಬಹುದು, ಪಕ್ಕದ ಮನೆಯವರನ್ನು ವಿಚಾರಿಸಬಹುದು, ಬಾಗಿಲು ತೆಗೆಯಬಹುದು, ಒಲ್ಲೆ ಎಂದು ಇಳಿದು ಹೋಗಬಹುದು. ಇಳಿದು ಹೋದರೆ ಅವನು ಇನ್ನೊಬ್ಬ ಬೀಗದವನನ್ನು ಕರೆಸುತ್ತಾನೆ, ಸಂಜೆ ಆಗುವುದು ಅದೇ. ಹಾಗೆ ಮಾಡಿಸಿದ್ದು ಬೀಗದಕ್ಕನೇ. "ನಾನಲ್ಲದಿದ್ರೆ ಇನ್ನೊಬ್ರು ತೆಗೀತಿದ್ರು" ಎಂದು ಅವಳು ಮಗಳಿಗೆ ನೂರು ಸಲ ಹೇಳಿದ್ದಳು.

ಸಣ್ಣ ಗೇಮುಗಳನ್ನು ಪುಕ್ಕಟೆ ಹಾಕುವ ಜಾಲತಾಣವೊಂದರಲ್ಲಿ ಮಗಳು ಅದನ್ನು ಹಾಕಿದಳು. ಮೊದಲ ವಾರ ಆಡಿದವರು ಮೂವತ್ತು ಜನ. ಎರಡು ತಿಂಗಳಿಗೆ ಒಂಬತ್ತು ಸಾವಿರ. ಆಟದ ಕೆಳಗೆ ಅಭಿಪ್ರಾಯಗಳು ಬಂದು ಬೀಳುತ್ತಿದ್ದವು, ಮಗಳು ರಾತ್ರಿಯ ಊಟಕ್ಕೆ ಅವನ್ನೇ ಉಪ್ಪಿನ ಹಾಗೆ ಬಡಿಸುತ್ತಿದ್ದಳು. "ಮುಗಿಸಿ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ." "ಏನು ಆರಿಸಿದರೂ ಸುತ್ತಿ ಬಳಸಿ ಅಲ್ಲಿಗೇ ತರ್ತೀರ, ಇದಕ್ಕೆ ಆಯ್ಕೆ ಅಂತ ಯಾಕೆ ಹೆಸರು?" "ಇಷ್ಟು ಚಿಕ್ಕದಾ? ಕುರ್ಚಿ ಬೆಚ್ಚಗಾಗೋದ್ರೊಳಗೆ ಮುಗೀತು." ಒಬ್ಬರು ಬರೆದಿದ್ದರು: "ಬೀಗದವಳ ತಪ್ಪೇನೂ ಇಲ್ಲ. ಅವಳ ಜಾಗದಲ್ಲಿ ನಾನಿದ್ದರೂ ತೆಗೀತಿದ್ದೆ."

ಈ ಕೊನೆಯದನ್ನು ಬೀಗದಕ್ಕ ಮಗಳ ಕೈಲಿ ಮತ್ತೊಮ್ಮೆ ಓದಿಸಿದಳು. ಆಮೇಲೆ ತನ್ನ ಫೋನಿನಲ್ಲೇ ಹುಡುಕುವುದನ್ನು ಕಲಿತಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೀಲಿ ಕೊರೆಯುವ ಯಂತ್ರ ನಿಲ್ಲಿಸಿ, ತನ್ನ ತಪ್ಪಿಲ್ಲ ಎಂದವರ ಮಾತುಗಳನ್ನೇ ಆರಿಸಿ ಆರಿಸಿ ಓದುತ್ತಿದ್ದಳು. ಓದಿದಾಗ ಎದೆ ಹಗುರ. ಕಾಲು ಗಂಟೆಗೆ ಮತ್ತೆ ಭಾರ.

ಹೀಗಿರುವಾಗ ಒಂದು ಸೋಮವಾರ ಈ ಮಾತು ಬಂತು:

"ನಾನೂ ಬೀಗದ ಕೆಲಸದವನೇ, ಇಪ್ಪತ್ತು ವರ್ಷವಾಯ್ತು. ಹಳೇ ಬಾಗಿಲಿಗೆ ಹೊಸ ಬೀಗ ಹಾಕಿದ್ದರೆ ನಮ್ಮ ಕಣ್ಣಿಗೆ ಬೀಳದೆ ಇರೋದಿಲ್ಲ. ಹೊಸ ಬೀಗ ಅಂದ್ರೆ ಯಾರನ್ನೋ ಹೊರಗೆ ಇಟ್ಟಿದ್ದಾರೆ ಅಂತ ಅರ್ಥ. ಈ ಆಟದಲ್ಲಿ ಬೀಗವನ್ನ ನೋಡೋ ಆಯ್ಕೆಯನ್ನೇ ಕೊಟ್ಟಿಲ್ಲ. ಇದು ಆಡುವವರಿಗೆ ಮಾಡಿದ ಮೋಸ."

ಆ ದಿನ ಬೀಗದಕ್ಕ ಮೂರು ಕೀಲಿ ತಪ್ಪು ಕೊರೆದಳು. ಮನೆಗೆ ಬಂದರೆ ಮಗಳು ಕಂಪ್ಯೂಟರ್ ಮುಂದೆ ಕುದಿಯುತ್ತಿದ್ದಳು.

"ಯಾರೋ ದೊಡ್ಡ ಪಂಡಿತ ಬಂದಿದ್ದಾನೆ. ಇದಕ್ಕೆ ನೀನೇ ಉತ್ತರ ಹೇಳು, ನಾನು ಟೈಪ್ ಮಾಡ್ತೀನಿ."

ಬೀಗದಕ್ಕ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಿದ್ದಳು.

"ಅವನು ಹೇಳಿದ್ದು ಸರಿ."

"ಯಾವುದು ಸರಿ?"

"ನಾನು ನೋಡ್ದೆ. ಹಳೇ ಬೀಗದ ತಗಡು ದೊಡ್ಡದಿತ್ತು, ಅದರ ಗುರುತು ಬಾಗಿಲ ಮೇಲೆ ಹಾಗೇ ಇತ್ತು. ತಿರುಪಿನ ತೂತಿಗೆ ಮೆತ್ತಿದ ಪುಟ್ಟಿಗೆ ಬಣ್ಣ ಕೂಡ ಹಚ್ಚಿರಲಿಲ್ಲ. ಹೊಸ್ತಿಲ ಸಂದಿಯಲ್ಲಿ ಮರದ ಪುಡಿ ಇತ್ತು. ಎಲ್ಲಾ ನೋಡ್ದೆ."

ಮಗಳು ಕುರ್ಚಿ ತಿರುಗಿಸಿದಳು. "ಮತ್ತೆ ಯಾಕೆ ತೆಗ್ದೆ?"

ಅದನ್ನು ಹೇಳುವುದು ಎಲ್ಲಕ್ಕಿಂತ ಕಷ್ಟವಾಗಿತ್ತು. "ಅವನು ನನ್ನನ್ನ ಮೇಲಿಂದ ಕೆಳಗೆ ನೋಡಿ, ಹೆಂಗಸರ ಕೈಲಿ ಇದು ಆಗತ್ತಾ, ಬೇರೆ ಯಾರನ್ನಾದ್ರೂ ಕರೀಲಾ ಅಂದ. ನಂಗೆ ಮೈ ಉರೀತು. ಮಾಡಿ ತೋರಿಸ್ಬೇಕು ಅಂತ ಕೂತೆ. ಕೈ ನಡೀತಾ ಇತ್ತು, ತಲೆ ಬೇಡ ಅಂತಿತ್ತು. ಬಾಗಿಲು ತೆರ್ಕೊಂಡಾಗ ಅವನು ಭೇಷ್ ಅಂದ. ಖುಷಿಯಾಯ್ತು ಕಣೇ. ಅದೇ ನಂಗೆ ಅಸಹ್ಯ."

ಮಗಳು ಕಂಪ್ಯೂಟರ್ ಪರದೆ ಆರಿಸಿ ಕೇಳಿದಳು. "ಕೋರ್ಟಲ್ಲೂ ಹೇಳ್ಲಿಲ್ಲ?"

"ಇಲ್ಲ. ಬಾಗಿಲು ತೆಗೆಯೋ ಲೈಸೆನ್ಸ್ ಹೋಗತ್ತೆ ಅಂತ ಹೆದರಿದೆ."

"ನಂಗೂ ಹೇಳ್ಲಿಲ್ಲ. ಎಂಟು ತಿಂಗಳು ನಿನ್ನ ಎದುರಿಗೇ ಕೂತು ಮಾಡಿದ್ದೀನಿ."

ಮೂರನೆಯ ದಿನ ಮಗಳು, "ಬೀಗ ನೋಡೋ ಆಯ್ಕೆ ಸೇರಿಸಿ ಮತ್ತೆ ಹಾಕ್ತೀನಿ" ಎಂದಳು. ಬೀಗದಕ್ಕ, "ಆಟ ಆಮೇಲೆ. ಮೊದಲು ಆ ಹೆಂಗಸು" ಎಂದಳು.

ಹಳೇ ವಿಳಾಸದಲ್ಲಿ ಬೇರೆಯವರಿದ್ದರು. ಪಕ್ಕದ ಮನೆಯಾಕೆ ಅನುಮಾನದಿಂದಲೇ, ಅವರು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ ಎಂದು ಬೀದಿಯ ಹೆಸರು ಹೇಳಿದಳು. ಬೀಗದಕ್ಕ ಹೋದಾಗ ಆ ಹೆಂಗಸು ಗಾಜಿನ ಕೌಂಟರಿನ ಹಿಂದೆ ನಿಂತು ಒಂದು ಚೌಕಟ್ಟಿನ ತಿರುಪು ಬಿಗಿಯುತ್ತಿದ್ದಳು. ಎಡ ಮೊಣಕೈ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಬೀಗದಕ್ಕ ತಾನು ಯಾರೆಂದು ಹೇಳಿದಳು. ಹೆಂಗಸಿನ ಕೈ ನಿಂತಿತು.

"ಏನ್ಬೇಕು?"

ಬೀಗದಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕ್ಷಮಿಸಿ ಎಂಬ ಮಾತು ಬಾಯಿಗೆ ಬಂದರೂ ಅದನ್ನು ಹೇಳುವ ಯೋಗ್ಯತೆ ತನಗಿಲ್ಲ ಅನಿಸಿ ನುಂಗಿಕೊಂಡಳು.

"ಬೀಗ ಬದಲಾಯಿಸಿದ್ದೆ ಅಂತ ನಾನು ಹೇಳಿದ್ರೆ ಅವನ ವಕೀಲ ನಕ್ಕ" ಎಂದಳು ಹೆಂಗಸು, ದನಿ ಏರಿಸದೆ. "ಬೀಗದ ಕೆಲಸದವರೇ ಏನೂ ಕಾಣಲಿಲ್ಲ ಅಂತಾರಲ್ಲಮ್ಮಾ ಅಂದ. ನಮ್ಮಣ್ಣ ಅಲ್ಲೇ ಕೂತಿದ್ದ. ಇವತ್ತಿನವರೆಗೂ ಅವನು, ನಾನೇ ಗಂಡನ ಮೇಲೆ ಕಥೆ ಕಟ್ಟಿದೆ ಅಂತ ನಂಬ್ಕೊಂಡಿದ್ದಾನೆ. ನನ್ನ ಮನೆ ಮೆಟ್ಟಿಲು ಹತ್ತಿ ಆರು ವರ್ಷ ಆಯ್ತು. ಬರ್ಕೊಡ್ತೀರಾ ಇದನ್ನ?"

"ಬರ್ಕೊಡ್ತೀನಿ."

"ಕೇಸಿಗಲ್ಲ. ಅದು ಮುಗೀತು. ನಮ್ಮಣ್ಣಂಗೆ."

ಬೀಗದಕ್ಕ ಅಲ್ಲೇ ಕೌಂಟರಿನ ಮೇಲೆ ಬರೆದು ಸಹಿ ಹಾಕಿದಳು. ಮುಚ್ಚಿಡುವುದು ಸಾಕಾಗಿದ್ದರಿಂದ ಆಟದ ವಿಷಯವನ್ನೂ ಹೇಳಿದಳು. ಹೆಂಗಸು ಕಾಗದ ಮಡಿಸುತ್ತಿದ್ದವಳು ತಲೆ ಎತ್ತಿದಳು.

"ಎಷ್ಟು ಜನ ಆಡಿದಾರೆ?"

"ಒಂಬತ್ತು ಸಾವಿರ."

"ಒಂಬತ್ತು ಸಾವಿರ ಜನ ನಮ್ಮನೆ ಬಾಗಿಲು ತೆಗೆದ್ರು. ನನ್ನನ್ನ ಒಂದ್ಮಾತು ಕೇಳ್ದೆ." ಮಡಿಸಿದ ಕಾಗದವನ್ನು ಚೀಲದೊಳಗೆ ಇಟ್ಟುಕೊಂಡು ಹೇಳಿದಳು: "ತೆಗೆದುಬಿಡಿ ಅದನ್ನ."

ಮನೆಯಲ್ಲಿ ಮಗಳು ಒಪ್ಪಲಿಲ್ಲ. ಕೆಲಸಕ್ಕೆ ಅರ್ಜಿ ಹಾಕುವಾಗ ತೋರಿಸಲು ಅವಳ ಹತ್ತಿರ ಇದ್ದದ್ದು ಅದೊಂದೇ. "ಸರಿ ಮಾಡ್ತೀನಿ ಅಂತಿದ್ದೀನಲ್ಲ. ಅವರ ಗುರುತು ಯಾರಿಗೂ ಸಿಗಲ್ಲ."

"ಅವರಿಗೆ ಸಿಗತ್ತಲ್ಲ."

"ತಪ್ಪು ನಿಂದು, ಅಳಿಸೋದು ನಂದಾ?"

ಮಗಳು ನ್ಯಾಯವಾದದ್ದನ್ನೇ ಹೇಳಿದ್ದಳು. ನಾಲ್ಕು ದಿನ ಆಟ ಹಾಗೇ ಇತ್ತು, ಅಭಿಪ್ರಾಯಗಳು ಬರುತ್ತಲೇ ಇದ್ದವು. ಐದನೆಯ ದಿನ ಮಗಳು ಕನ್ನಡಕದ ಅಂಗಡಿಗೆ ತಾನೇ ಹೋಗಿ ಬಂದಳು. ಅಲ್ಲಿ ಏನು ಮಾತಾಯಿತು ಎಂದು ತಾಯಿಗೆ ಹೇಳಲಿಲ್ಲ. ಬಂದವಳೇ ಆಟವನ್ನು ಅಳಿಸಿದಳು. ಜೊತೆಗೆ ಒಳ್ಳೆಯದೂ ಕೆಟ್ಟದೂ ಸೇರಿ ನಾನೂರು ಚಿಲ್ಲರೆ ಅಭಿಪ್ರಾಯಗಳು ಅಳಿದುಹೋದವು.

ಬರೆದ ಕಾಗದದ ಇನ್ನೊಂದು ಪ್ರತಿಯನ್ನು ಬೀಗದಕ್ಕ ಲೈಸೆನ್ಸ್ ಕೊಡುವ ಕಚೇರಿಗೂ ಒಯ್ದು ಕೊಟ್ಟಳು. ಅಲ್ಲಿಯ ಗುಮಾಸ್ತ, "ಯಾರೂ ಕೇಳದೇ ಇರುವಾಗ ನೀವಾಗಿ ಯಾಕೆ ತಂದ್ರಿ?" ಎಂದು ಬೆರಗಾದ. ಐದು ತಿಂಗಳು ಮನೆಗಳ ಬಾಗಿಲು ತೆಗೆಯಕೂಡದು ಎಂದು ಆದೇಶವಾಯಿತು. ಕೀಲಿ ಕೊರೆಯಬಹುದು, ಅಷ್ಟೇ. ಬೀದಿಯವರು ಕಾರಣ ಕೇಳಿದಾಗ ಅವಳು ಕಾರಣವನ್ನೇ ಹೇಳಿದಳು. ಕೆಲವರು ಬೇರೆ ಅಂಗಡಿ ಹುಡುಕಿಕೊಂಡರು.

ಮಗಳು ಈಗ ಇನ್ನೊಂದು ಆಟ ಮಾಡುತ್ತಿದ್ದಾಳೆ. ಅದು ಯಾವ ಕಥೆ ಎಂದು ತಾಯಿ ಕೇಳಿಲ್ಲ, ಮಗಳು ಹೇಳಿಲ್ಲ. ಊಟಕ್ಕೆ ಮಾತ್ರ ಒಟ್ಟಿಗೆ ಕೂರುತ್ತಾರೆ.

ಮೊನ್ನೆ ಮಧ್ಯವಯಸ್ಸಿನ ಗಂಡಸೊಬ್ಬರು ಅಂಗಡಿಯ ಮೆಟ್ಟಿಲ ಬಳಿ ಬಂದು ನಿಂತರು. ಕೈಯಲ್ಲಿ ನಾಲ್ಕು ಮಡಿಕೆಯ ಕಾಗದ.

"ಇದು ನೀವೇ ಬರೆದದ್ದಾ?"

"ಹೌದು."

"ನಮ್ಮ ತಂಗಿ ಕೇಳ್ಕೊಂಡಳು ಅಂತ ಬರ್ಕೊಟ್ರಾ, ಇಲ್ಲಾ ನಿಜವಾ?"

"ಎರಡೂ. ಅವರು ಕೇಳಿದ್ರು, ಇದು ನಿಜ."

ಅವರು ಕಾಗದವನ್ನು ಜೇಬಿಗೆ ಇಟ್ಟುಕೊಂಡರು, ಮತ್ತೆ ತೆಗೆದು ಇನ್ನೊಮ್ಮೆ ಓದಿದರು. ನೀರು ಬೇಕಾ ಎಂದು ಬೀಗದಕ್ಕ ಕೇಳಿದ್ದು ಅವರಿಗೆ ಕೇಳಿಸಿದಂತೆ ಕಾಣಲಿಲ್ಲ. ಬಸ್ ಸ್ಟಾಪಿನ ಕಡೆ ನಡೆದು ಹೋದರು. ತಂಗಿಯ ಮನೆಗೆ ಹೋದರೋ, ತಮ್ಮ ಮನೆಗೇ ಹೋದರೋ ಅವಳಿಗೆ ತಿಳಿಯಲಿಲ್ಲ.