ಗೋಡೆ ದಾಟಿ ಬಂದ ಹಾಲು

ಗುಳಿಗೆ ತೆಗೆದ ಖಾಲಿ ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದರೆ ಒಂದು ವಾಸನೆ ಬರುತ್ತದೆ. ಮಳೆಯಲ್ಲಿ ತೊಯ್ದ ತಗಡಿನ ಬಕೆಟ್ಟಿನ ವಾಸನೆ. ಬೇರೆಯವರಿಗೆ ಬರುತ್ತದೋ ಇಲ್ಲವೋ ಗೊತ್ತಿಲ್ಲ, ನನಗಂತೂ ಬರುತ್ತದೆ. ಮೊನ್ನೆ ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ನಮ್ಮ ಮನೆಯ ಹತ್ತಿರದ ಔಷಧಿ ಅಂಗಡಿಯವನು ಅಂಥದೊಂದು ಖಾಲಿ ಪಟ್ಟಿಯನ್ನು ತಿರುಗಿಸಿ ನೋಡಿ, “ಸ್ಟಾಕ್ ಇಲ್ರೀ ಮೇಡಂ, ಎರಡ್ಮೂರು ದಿನ ಬಿಟ್ಟು ಬರ್ರಿ” ಅಂದ. ಅವನ ಪಾಲಿಗೆ ಅದು ಶಕ್ತಿಗೆಂದು ನುಂಗುವ ಜಿಂಕ್ ಗುಳಿಗೆ. ನನ್ನ ಪಾಲಿಗೆ ಮಗಳ ಜೀವ.

ಆಟೊ ಹಿಡಿದು ಬ್ರಹ್ಮಪುರದ ತನಕ ಕೇಳುತ್ತ ಹೋದೆ. ಎಲ್ಲೂ ಇರಲಿಲ್ಲ. ವಾಪಸು ಬರುವಾಗ ಆ ಖಾಲಿ ಪಟ್ಟಿ ನನ್ನ ಮುಷ್ಟಿಯಲ್ಲೇ ಇತ್ತು. ಇಂಥ ಹೊತ್ತಿನಲ್ಲಿ ನಾನು ಫೋನು ಮಾಡುತ್ತಿದ್ದುದು ಒಬ್ಬಳಿಗೇ. ಕಮಲಾಪುರದ ಬಾಜು ಮನೆಯ ಆಪಾ, ಅಂದರೆ ಅಕ್ಕ... ಆ ನಂಬರು ಇನ್ನೂ ನನ್ನ ಫೋನಿನಲ್ಲಿದೆ.

ಆಪಾ ಪರಿಚಯವಾದಾಗ ನಾನು ಕಮಲಾಪುರದ ಹೊಸ ಸೊಸೆ. ತವರಿನಲ್ಲೂ ಗಂಡನ ಮನೆಯಲ್ಲೂ ಡಿಗ್ರಿ ಮುಗಿಸಿದವಳು ನಾನೇ ಮೊದಲು. ನಮ್ಮವ್ವ ಮಂದಿಯ ಹೊಲದಲ್ಲಿ ತೊಗರಿ ಕೊಯ್ದು ನನ್ನನ್ನು ಓದಿಸಿದವಳು. ಬಿ.ಎಡ್. ಸೀಟು ಸಿಕ್ಕಾಗ ನನ್ನ ಮಗಳಿಗೆ ನಾಲ್ಕು ತಿಂಗಳು. ಬಿಟ್ಟರೆ ಮತ್ತೆ ಸಿಗುವುದಿಲ್ಲ ಎಂದು ಗೊತ್ತಿತ್ತು, ಬಿಡಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ ಕಲಬುರಗಿಗೆ ಹೋಗಿ ಸಂಜೆ ತಿರುಗಿ ಬರುತ್ತಿದ್ದೆ. ನನ್ನ ಎದೆಹಾಲು ಬತ್ತಿತು. ಅತ್ತೆ ಎಮ್ಮೆ ಹಾಲಿಗೆ ನೀರು ಬೆರೆಸಿ ಕುಡಿಸತೊಡಗಿದರು. ಆಮೇಲೆ ನಮ್ಮೂರಿನ ಕೆಂಪು ಬಾಳೆಹಣ್ಣನ್ನು ಕಿವುಚಿ ನೆಕ್ಕಿಸಿದರು.

ಮೊದಲು ಮಗಳ ಬಾಯಿಯ ಎರಡೂ ಮೂಲೆ ಕೆಂಪಾದವು. ಹಣ್ಣಿನ ನಂಜು ಎಂದು ಹಣ್ಣು ಬಿಡಿಸಿದೆವು. ಕೆಂಪು ಗುಳ್ಳೆಯಾಯಿತು, ಗುಳ್ಳೆ ಒಡೆದು ಹಕ್ಕಳೆಗಟ್ಟಿತು. ಕೂತುಕೊಳ್ಳುವ ಜಾಗದ ಸುತ್ತ, ಬೆರಳ ಸಂದಿ, ಕಣ್ಣಿನ ಅಂಚು... ಭೇದಿ ನಿಲ್ಲಲೇ ಇಲ್ಲ. ಬೆಳಕು ಕಂಡರೆ ಮುಖ ಹೊರಳಿಸಿ ಚೀರುತ್ತಿದ್ದಳು. ಒಂದು ದಿನ ತಲೆ ಒರೆಸಿದ ಬಟ್ಟೆಗೆ ಅವಳ ಕೂದಲು ಹಿಡಿಹಿಡಿಯಾಗಿ ಅಂಟಿ ಬಂತು. ಊರಲ್ಲಿ ಕೊಟ್ಟ ಮುಲಾಮು ಹಚ್ಚಿದೆವು. ದೇವಿಗೆ ಹರಕೆ ಹೊತ್ತೆವು. ನಲ್ಲಿಯ ಹತ್ತಿರ ಒಬ್ಬಾಕೆ ನನಗೆ ಕೇಳುವ ಹಾಗೆಯೇ ಅಂದಳು, “ಕೂಸಿನ ಬಿಟ್ಟು ಕಾಲೇಜಿಗೆ ಓಡಿದ್ರ ಇನ್ನೇನ್ ಆಗ್ತದ?”

ಓದಲು ಹೋದದ್ದು ತಪ್ಪು ಎಂದು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಆದರೆ ನನ್ನ ಹೆದರಿಕೆ ಯಾವ ಡಿಗ್ರಿಗೂ ಜಗ್ಗಲಿಲ್ಲ. ಸಂಜೆ ಬಸ್ಸಿಳಿದು ಓಣಿಗೆ ತಿರುಗುವಾಗ ಮೊದಲು ಕಿವಿ ಕೊಡುತ್ತಿದ್ದೆ. ಅಳು ಕೇಳಿದರೆ ಜೀವ ಇದೆ ಎಂದು ಅರ್ಥ. ಅಳು ಕೇಳಿ ಸಮಾಧಾನಪಟ್ಟ ತಾಯಿ ನಾನು.

ಒಂದು ಸಂಜೆ ಅಳು ಕೇಳಲಿಲ್ಲ.

ಹೇಗೆ ಓಡಿದೆನೋ ನೆನಪಿಲ್ಲ. ತೊಟ್ಟಿಲು ಖಾಲಿ. ಅತ್ತೆ ಹಿತ್ತಿಲಲ್ಲಿ ಎದೆಯೆತ್ತರದ ಗೋಡೆಗೆ ಮುಖ ಮಾಡಿ ನಿಂತಿದ್ದರು. ನನ್ನನ್ನು ಕಂಡು ಅವರು ಬೆಚ್ಚಿದರು. ಅವರನ್ನು ಸರಿಸಿ ಬಗ್ಗಿ ನೋಡಿದೆ. ಗೋಡೆಯ ಆಚೆ ಆಪಾ ಚಾಪೆಯ ಮೇಲೆ ಕೂತಿದ್ದಳು. ಒಂದು ಮಗ್ಗುಲಲ್ಲಿ ಅವಳ ಮಗ, ಇನ್ನೊಂದರಲ್ಲಿ ನನ್ನ ಮಗಳು. ಆ ಹಕ್ಕಳೆಗಟ್ಟಿದ ಬಾಯಿಯನ್ನು ಮುಟ್ಟಲು ನಮ್ಮ ಸಂಬಂಧಿಕರೇ ಹಿಂಜರಿಯುತ್ತಿದ್ದರು.

“ಮೆಲ್ಲಗ ಅಕ್ಕೋರೆ, ಈಗ ಕಣ್ಣ ಮುಚ್ಯಾಳ,” ಅಂದಳು. ನಾನಿನ್ನೂ ಟೀಚರ್ ಆಗಿರಲಿಲ್ಲ, ಆದರೂ ಅವಳ ಪಾಲಿಗೆ ಆಗಲೇ ಅಕ್ಕೋರು. “ದಿನಾ ಇದರ ಅಳು ಕೇಳಿ ನನ್ನ ಕುಪ್ಪಸ ತೊಯ್ಯತದ. ಎಷ್ಟ್ ದಿನ ಹಿಂಡಿ ಚೆಲ್ಲಲಿ? ಕೊಡ್ರಿ ಇಲ್ಲಿ ಅಂತ ನಾನೇ ಅಂದೆ.”

“ಯಾರ ಮುಂದನೂ ಬಾಯಿ ಬಿಡಬ್ಯಾಡ,” ಅತ್ತೆ ನನ್ನ ರಟ್ಟೆ ಹಿಡಿದರು. “ಓಣ್ಯಾಗ ಗೊತ್ತಾದ್ರ ನಾಳಿ ಈ ಹುಡಗಿನ್ನ ಯಾರ ಮನಿಗೆ ಕೊಡೋದು?”

“ಮೊದಲ ಉಳೀಲಿ ಬಿಡ್ರಿ ಯವ್ವಾ, ಆಮ್ಯಾಲ ಗಂಡ ಹುಡುಕ್ರಿ. ನಂದೂ ಅದೇ ಹಣೇಬರಹ. ಮೊಮ್ಮಗನ ಹಾಲು ಹಂಚಾಕತ್ತೀನಿ ಅಂತ ನಮ್ಮ ಸಾಸ್‌ಗೆ ಗೊತ್ತಾದ್ರ ನನ್ನ ಚರ್ಮಾ ಸುಲೀತಾಳ,” ಅಂದಳು ಆಪಾ. ಸಾಸ್ ಅಂದರೆ ಅವಳ ಅತ್ತೆ.

ಹೀಗೆ ದಿನಕ್ಕೆ ಹಲವು ಸಲ ನನ್ನ ಮಗಳು ಗೋಡೆ ದಾಟತೊಡಗಿದಳು. ಕೆಲವೇ ದಿನಗಳಲ್ಲಿ ಭೇದಿ ನಿಂತಿತು. ಹಕ್ಕಳೆ ಉದುರಿ ಕೆಳಗೆ ಗುಲಾಬಿ ಬಣ್ಣದ ಹೊಸ ಚರ್ಮ ಕಂಡಿತು. ಬೋಳು ತಲೆಯಲ್ಲಿ ಕೂದಲು ಚಿಗುರಿತು. ಓಣಿಯವರು ದೇವಿ ಒಲಿದಳು ಅಂದರು. ನಾವು ಹೂಂ ಅಂದೆವು.

ಅಷ್ಟರಲ್ಲಿ ಆಪಾಗೆ ಜ್ವರ ಬಂತು. ಬಿಡದ ಜ್ವರ. ಹಾಲು ಕೊಡಲಾಗದೆ ಮಲಗಿಬಿಟ್ಟಳು, ನಾವು ಎಮ್ಮೆ ಹಾಲಿಗೆ ಮರಳಿದೆವು. ಒಂದು ವಾರ ಕಳೆಯುವಷ್ಟರಲ್ಲಿ ಬಾಯಿಯ ಮೂಲೆಗಳು ಮತ್ತೆ ಕೆಂಪಾದವು. ಈ ಸಲ ಎಲ್ಲವೂ ಬೇಗ ಬೇಗ ಬಂತು, ಹೆಚ್ಚಾಗಿ ಬಂತು. ಕಣ್ಣು ತೆರೆಯಲೂ ಆಗದೆ, ಅಳಲೂ ಶಕ್ತಿಯಿಲ್ಲದೆ ಬಟ್ಟೆಯ ಗಂಟಿನ ಹಾಗೆ ಬಿದ್ದಿರುತ್ತಿದ್ದಳು. ಕಲಬುರಗಿಯ ಚರ್ಮದ ಡಾಕ್ಟರಮ್ಮನ ಹತ್ತಿರ ಹೊರಟೆವು. ಜ್ವರ ಬಿಟ್ಟು ಎರಡು ದಿನವೂ ಆಗಿರದ ಆಪಾ ತವರಿಗೆ ಹೋಗುವ ನೆಪ ಹೇಳಿ, ಬುರ್ಖಾ ಹಾಕಿಕೊಂಡು ಅದೇ ಬಸ್ಸು ಹತ್ತಿದಳು.

ಡಾಕ್ಟರಮ್ಮ ಮಗಳ ಬಾಯಿ, ಬೆರಳು, ತಲೆ ಎಲ್ಲ ನೋಡಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು, “ಯಾವ ಹಾಲು ಕುಡಿತಾಳೆ? ತಾಯಿ ಹಾಲು ಬಿಡಿಸಿದ ಮೇಲೆ ಬಂತಾ ಇದು?”

“ಬಿಡಿಸಿಲ್ಲ ರೀ, ತಾಯಿ ಹಾಲೇ ಕುಡೀತದ,” ಅತ್ತೆ ತಟ್ಟನೆ ಅಂದರು. ಆ ಸುಳ್ಳು ಅವರ ಬಾಯಿಗೆ ರೂಢಿಯಾಗಿಬಿಟ್ಟಿತ್ತು.

“ಹಾಗಾದರೆ ನಾನು ಅಂದುಕೊಂಡದ್ದು ಅಲ್ಲ,” ಎಂದು ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ ಬೇರೆ ಏನೋ ಬರೆಯತೊಡಗಿದರು. ನಾನು ನಿಜ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಪರದೆ ಸರಿಸಿ, ಹೊರಗೆ ನಿಂತಿದ್ದ ಆಪಾ ಒಳಗೆ ಬಂದಳು.

“ಸುಳ್ಳು ರೀ ಡಾಕ್ಟರಮ್ಮ! ಅಕೀದು ಎಂದೋ ಬತ್ಯಾದ. ಈ ಕೂಸು ಕುಡಿದಿದ್ದು ನನ್ನ ಹಾಲು. ನಂದು ಕುಡಿದಾಗ ಆರಾಮ ಆಗಿತ್ತು. ನನಗ ಜ್ವರ ಬಂದು ನಿಲ್ಲಿಸಿದೆ, ಮತ್ತ ಹಿಂಗಾತು. ನನ್ನ ಹಾಲಿನ್ಯಾಗ ಏನರ ವಿಷ ಇತ್ತೇನು? ಅದೊಂದು ಹೇಳಿಬಿಡ್ರಿ...” ಅವಳ ಧ್ವನಿ ಒಡೆಯಿತು. ಆ ಹೆದರಿಕೆಯನ್ನು ಅವಳು ಎಷ್ಟು ದಿನದಿಂದ ಒಬ್ಬಳೇ ಹೊತ್ತಿದ್ದಳೋ!

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ವಿಷ ಅಲ್ಲಮ್ಮ. ನಿಮ್ಮ ಹಾಲೇ ಇವಳನ್ನ ಇಲ್ಲೀತನಕ ಉಳಿಸಿದ್ದು.”

ಆಮೇಲೆ ಬಿಡಿಸಿ ಹೇಳಿದರು. ಸತು, ಅಂದರೆ ಜಿಂಕ್, ದೇಹಕ್ಕೆ ಬೇಕಾಗುವುದು ಚೂರೇ ಚೂರು. ಆ ಚೂರು ಸಿಗದಿದ್ದರೆ ಗಾಯ ಮಾಯುವುದಿಲ್ಲ, ಚರ್ಮ ನಿಲ್ಲುವುದಿಲ್ಲ, ಕೂದಲು ಉದುರುತ್ತದೆ, ಭೇದಿ ಹಿಡಿಯುತ್ತದೆ, ಮಗು ಬೆಳೆಯುವುದಿಲ್ಲ. ಮಾಂಸದಲ್ಲಿ, ಕಾಳಿನಲ್ಲಿ, ಹಾಲಿನಲ್ಲಿ ಅದು ಇದ್ದೇ ಇರುತ್ತದೆ, ನಮ್ಮ ಹೊಟ್ಟೆ ತೆಗೆದುಕೊಳ್ಳುತ್ತದೆ. ನನ್ನ ಮಗಳ ಹೊಟ್ಟೆಗೆ ಹುಟ್ಟಿನಿಂದಲೇ ಆ ಶಕ್ತಿ ಕಡಿಮೆ. ಎಮ್ಮೆ ಹಾಲಿನ ಸತು ಅವಳಿಗೆ ಹತ್ತುವುದಿಲ್ಲ, ಹೆಣ್ಣಿನ ಎದೆಹಾಲಿನದು ಹತ್ತುತ್ತದೆ. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು, ಸತುವಿನ ಔಷಧಿಯನ್ನು ಅಂದೇ ಶುರು ಮಾಡಿದರು.

“ಮನಿ ಮ್ಯಾಲಿನ ತಗಡಿನ ಪತ್ರಾಕ ಬಳೀತಾರಲ್ಲ, ಆ ಜಸ್ತಾ ಏನ್ರಿ?” ಆಪಾ ಕಣ್ಣೊರೆಸಿಕೊಂಡು ಕೇಳಿದಳು.

“ಅದೇ.”

“ನನ್ನ ಮಮ್ಮಗಳೇನು ಪತ್ರಾದ ಮನೀ?” ಅತ್ತೆಗೆ ಸಿಟ್ಟು ಬಂತು.

“ತುಕ್ಕು ಹಿಡೀಬಾರದು ಅಂದ್ರ ಬಳೀಬೇಕು, ಸುಮ್ಮನ ಕೂಡ್ರಿ ಯವ್ವಾ,” ಅಂದಳು ಆಪಾ. ಎಷ್ಟೋ ತಿಂಗಳ ಮೇಲೆ ನಾನು ನಕ್ಕೆ. ಆ ನಗು ಡಾಕ್ಟರಮ್ಮನ ಮುಂದಿನ ಮಾತಿಗೇ ನಿಂತಿತು. ಮಗು ಚೆನ್ನಾಗಿ ಕಂಡಿತೆಂದು ಔಷಧಿ ಬಿಡಬಾರದು, ಜೀವ ಇರುವತನಕ ಬೇಕು ಅಂದರು.

ಔಷಧಿ ಹತ್ತಿತು. ಒಂದು ಬೆಳಿಗ್ಗೆ ಮಗಳು ಕಿಟಕಿಯ ಬೆಳಕಿಗೆ ಕಣ್ಣು ಬಿಟ್ಟು ನೋಡುತ್ತ ಮಲಗಿದ್ದಳು... ಅದಕ್ಕೂ ಹೆದರಿ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡಿದೆ.

ಆಪಾ ಮನೆಗೆ ಹೋಗಿ ತಾನೇ ಎಲ್ಲ ಹೇಳಿಬಿಟ್ಟಳು. ಕೆಲವು ದಿನ ಗೋಡೆಯಾಚೆ ಮಾತೇ ಇರಲಿಲ್ಲ. ಅವಳಿಗೆ ಏನಾಯಿತೋ ಎಂದು ನಾನು ಪಾತ್ರೆ ತೊಳೆಯುತ್ತಲೂ ಕಿವಿ ಅಲ್ಲೇ ಇಡುತ್ತಿದ್ದೆ. ಒಂದು ಮಧ್ಯಾಹ್ನ ಅವಳ ಸಾಸ್ ಗೋಡೆಯ ಮೇಲೆ ಮುಖ ತೋರಿಸಿದರು. ನನ್ನತ್ತ ನೋಡಲಿಲ್ಲ, ಅತ್ತೆಗೆ ಅಂದರು, “ನಮ್ಮ ಮನಿ ಹಾಲು ಕುಡದಾಳಂದ್ರ ನಮ್ಮ ಹುಡುಗಿ ಆದ್ಲು. ಕಳ್ಳ ಮಾಲಿನ್ಹಂಗ ಗೋಡಿ ಮ್ಯಾಲಿಂದ ಯಾಕ ಕೊಡ್ತೀರಿ? ಬಾಗಲದಿಂದ ತರ್ರಿ.”

ನನಗೆ ಕೆಲಸ ಸಿಕ್ಕಿ ನಾವು ಕಲಬುರಗಿಗೆ ಬಂದೆವು. ಊರಿಗೆ ಹೋದಾಗಲೆಲ್ಲ ಆಪಾ ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಮಗಳ ಗದ್ದ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ, ಬಾಯಿಯ ಎರಡೂ ಮೂಲೆಗೆ ಹೆಬ್ಬೆರಳು ಒತ್ತಿ ನೋಡುವುದು. “ಗುಳಿಗಿ ತೊಗೊಂಡಿ?” ಆಮೇಲೆಯೇ ಊಟ, ಮಾತು. ಮಗಳು ಅವಳನ್ನು ಅಮ್ಮಿ ಅನ್ನುತ್ತಿದ್ದಳು. ಎಷ್ಟೋ ಸಲ ನಾನು ಸುಮ್ಮನೆ ಫೋನು ಮಾಡಿ, “ಆಪಾ, ತುಟಿ ಸ್ವಲ್ಪ ಒಡದದ ಅನಸ್ತದ,” ಅನ್ನುತ್ತಿದ್ದೆ. “ಥಂಡಿಗೆ ನಂದೂ ಒಡದದ ಅಕ್ಕೋರೆ, ನಾನೇನು ಸಾಯಾಕತ್ತೀನೇನು?” ಎಂದು ಬೈಯುತ್ತಿದ್ದಳು. ನನಗೆ ಬೇಕಿದ್ದದ್ದು ಆ ಬೈಗುಳವೇ.

ಹೋದ ವರ್ಷ ಅವಳು ಹೋದಳು. ಎದೆ ನೋವು ಎಂದಳಂತೆ, ಆಸ್ಪತ್ರೆಯ ದಾರಿಯಲ್ಲೇ... ನಾವು ಊರು ಮುಟ್ಟುವಷ್ಟರಲ್ಲಿ ಹೆಂಗಸರೆಲ್ಲ ಸುತ್ತ ಕೂತಿದ್ದರು. ಅವಳ ಸಾಸ್ ನನ್ನ ಮಗಳ ಕೈ ಹಿಡಿದು ಕರೆದೊಯ್ದು, ಆಪಾಳ ಹೊಟ್ಟೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳ ನಡುವೆ ಕೂಡಿಸಿದರು. ಅವರು ಸರಿದು ಅವಳಿಗೆ ಜಾಗ ಮಾಡಿದರು.

ಮೊನ್ನೆ ಗುಳಿಗೆ ಇಲ್ಲದೆ ಎರಡು ದಿನ ಕಳೆದವು. ಎರಡು ದಿನಕ್ಕೆ ಏನೂ ಆಗುವುದಿಲ್ಲ, ನನಗೂ ಗೊತ್ತು. ಆದರೂ ಕಾಲೇಜಿಗೆ ಹೊರಟವಳನ್ನು ಬಾಗಿಲಲ್ಲಿ ತಡೆದು, ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದೆ. ಹೆಬ್ಬೆರಳು ತಾನಾಗಿ ಬಾಯಿಯ ಮೂಲೆಗೆ ಹೋಯಿತು.

“ಏ ಅವ್ವಾ, ಅಮ್ಮಿ ಮಾಡಿದ್ಹಂಗ ಮಾಡಬ್ಯಾಡ,” ಅಂದಳು ಮಗಳು.

ನಾನು ಕೈ ಹಿಂದೆಗೆದೆ. ನನ್ನ ಹೆದರಿಕೆಯ ಅರ್ಧವನ್ನು ಇಷ್ಟು ವರ್ಷ ಹೊತ್ತವಳು ಈಗಿಲ್ಲ. ಆಮೇಲೆ ಮಗಳು ಚೀಲ ಕೆಳಗಿಟ್ಟು, ಕಿಟಕಿಯ ಹತ್ತಿರ ಹೋಗಿ, ತಾನೇ ಗದ್ದ ಎತ್ತಿ ಬೆಳಕಿಗೆ ಹಿಡಿದಳು.

“ನೋಡು,” ಅಂದಳು. “ಸರಿಯಾಗಿ ನೋಡು.”