ಬಾಯಿ ಬಿಡದ ಕಾವಲಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ನಲವತ್ತರ ಹೆಂಗಸೊಬ್ಬರು ಸ್ವೆಟರ್ ತೊಟ್ಟು ಎರಡು ಪರದೆಗಳ ಮುಂದೆ ಕೂತಿದ್ದಾರೆ. ಅಲ್ಲಿ ಎಸಿ ಇರುವುದು ಕಂಪ್ಯೂಟರುಗಳಿಗಾಗಿ, ಮನುಷ್ಯರಿಗಾಗಿ ಅಲ್ಲ. ಪರದೆಯಲ್ಲಿ ಕೆಂಪು ಸಾಲೊಂದು ಮೂಡುತ್ತದೆ. ಅವರ ಬೆರಳುಗಳು ಚುರುಕಾಗುತ್ತವೆ, ಯಾರಿಗೋ ಫೋನ್ ಹೋಗುತ್ತದೆ, ಆ ಕಡೆಯವರು ನಿದ್ದೆಗೆಟ್ಟ ಸಿಟ್ಟಿನಲ್ಲಿ ಬೈಯುತ್ತಾರೆ. ಬೈಸಿಕೊಂಡವರು ತಣ್ಣಗೆ ಡೈರಿಯಲ್ಲಿ ಎರಡು ಸಾಲು ಬರೆದು, ಆರಿದ ಟೀ ಕುಡಿಯುತ್ತಾರೆ. ಪರದೆಯನ್ನು ಮಾತ್ರ ಲೇಖನಕ್ಕೆಂದು ಬಂದವರ ಕಡೆ ತಿರುಗಿಸುವುದಿಲ್ಲ.

ಇವರದು ಸೈಬರ್ ಭದ್ರತೆಯ ಕೆಲಸ. ನರ್ಸುಗಳ ಬಾಯಲ್ಲಿ ಇವರು ಕಾವಲಕ್ಕ. ಕಂಪ್ಯೂಟರುಗಳಿಗೆ ಯಾರೋ ನುಗ್ಗುತ್ತಿರಬಹುದೆಂದು ದಿನಕ್ಕೆ ನಾನೂರು ಎಚ್ಚರಿಕೆಗಳು ಪರದೆಗೆ ಬರುತ್ತವೆ, ಅದರಲ್ಲಿ ಗಟ್ಟಿ ಕಾಳು ಮೂರೋ ನಾಲ್ಕೋ, ಉಳಿದದ್ದೆಲ್ಲ ಜೊಳ್ಳು. ಆ ನಾಲ್ಕಕ್ಕಾಗಿ ನಾನೂರನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಮೊದಲು ಇದೇ ಆಸ್ಪತ್ರೆಯ ಕೌಂಟರಿನಲ್ಲಿ ರೋಗಿಗಳ ಹೆಸರು ಟೈಪು ಮಾಡುತ್ತಿದ್ದವರು ಮನೆಗೆಲಸ ಮುಗಿಸಿ ಓದಿ, ಪರೀಕ್ಷೆಗಳನ್ನು ಪಾಸು ಮಾಡಿ, ಈ ಕುರ್ಚಿಗೆ ಬಂದು ಒಂಬತ್ತು ವರ್ಷವಾಯಿತು. ಅವರ ಅತ್ತೆ ಅಕ್ಕಪಕ್ಕದವರಿಗೆ ಸೊಸೆ ಆಸ್ಪತ್ರೆಯಲ್ಲಿ ವಾಚ್‌ಮನ್ ಎಂದೇ ಹೇಳಿಕೊಂಡು ಬಂದಿದ್ದಾರೆ. ತಿದ್ದಿ ತಿದ್ದಿ ಸೊಸೆಗೆ ಸಾಕಾಗಿದೆ.

ಈ ತಿಂಗಳ ಕೊನೆಗೆ ಆ ಕುರ್ಚಿಯೂ ಹೋಗುತ್ತದೆ. ಆಸ್ಪತ್ರೆ ಈ ಕೆಲಸವನ್ನು ಹೊರಗಿನ ಕಂಪನಿಯೊಂದಕ್ಕೆ ಗುತ್ತಿಗೆ ಕೊಟ್ಟಿದೆ. ಮೆಕ್ಯಾನಿಕ್ ಆಗಿದ್ದ ಗಂಡ ಬೆನ್ನುನೋವಿನಿಂದ ವರ್ಷದಿಂದ ಮಲಗಿದ್ದಾರೆ. ಮನೆಯಲ್ಲಿ ದುಡಿಯುವ ಕೈ ಈಗ ಇವರದೊಂದೇ.

ನಾಲ್ಕು ತಿಂಗಳಲ್ಲಿ ಹದಿನಾಲ್ಕು ಕಡೆ ಅರ್ಜಿ ಹಾಕಿದ್ದಾರೆ. ಆ ಕತೆ ಕೇಳಿದರೆ ಮೈ ಉರಿಯುತ್ತದೆ. ‘ಹೊಸಬರು ಬೇಕಾಗಿದ್ದಾರೆ’ ಎಂಬ ಜಾಹೀರಾತಿನ ಕೆಳಗೇ ಐದು ವರ್ಷದ ಅನುಭವ ಕಡ್ಡಾಯ. ಸಂಬಳ ಕೇಳಿದರೆ ಮಾತು ತೇಲಿಸುತ್ತಾರೆ. ಒಂದು ಕಂಪನಿ ಮನೆಯಲ್ಲೇ ಮಾಡಿ ಕಳಿಸಿ ಎಂದು ಪರೀಕ್ಷೆಯೊಂದನ್ನು ಕೊಟ್ಟಿತು. ಎರಡು ರಜಾದಿನ ಅದಕ್ಕೇ ಹೋಯಿತು, ಉತ್ತರ ಇವತ್ತಿಗೂ ಬಂದಿಲ್ಲ. ಇದನ್ನು ಆಯ್ಕೆ ಪ್ರಕ್ರಿಯೆ ಎನ್ನುತ್ತಾರಂತೆ. ದುಡಿಯುವ ಜನರನ್ನು ಆಟ ಆಡಿಸುವುದಕ್ಕೆ ಎಂಥ ಚಂದದ ಹೆಸರು!

ಕೊನೆಯ ಕಂಪನಿಯಲ್ಲಿ ನಾಲ್ಕು ಸುತ್ತು ದಾಟಿದ್ದರು. ಐದನೆಯದು ಗಾಜಿನ ಕೋಣೆಯಲ್ಲಿ, ಮೂವರು ದೊಡ್ಡವರ ಮುಂದೆ. ಎರಡು ವರ್ಷದ ಹಿಂದೆ ನಿಮ್ಮ ಆಸ್ಪತ್ರೆಗೆ ಹ್ಯಾಕರುಗಳು ನುಗ್ಗಿದ್ದರಲ್ಲ, ಎಲ್ಲಿಂದ ನುಗ್ಗಿದರು, ಯಾರ ತಪ್ಪು, ಯಾವ ದಾಖಲೆಗಳು ಹೋದವು, ಎಲ್ಲ ಬಿಡಿಸಿ ಹೇಳಿ ಎಂದರು. ಕಾವಲಕ್ಕ ಎದ್ದು ಬೋರ್ಡಿನ ಹತ್ತಿರ ಹೋದರು. ಯಾವುದಾದರೂ ಕಾಲ್ಪನಿಕ ಆಸ್ಪತ್ರೆ ಕೊಡಿ, ದಾಳಿಯ ಮೊದಲ ನಿಮಿಷದಿಂದ ಏನೇನು ಮಾಡುತ್ತೇನೆಂದು ಬರೆದು ತೋರಿಸುತ್ತೇನೆ ಎಂದರು. ಅವರು ಒಪ್ಪಲಿಲ್ಲ, ನಿಜವಾದದ್ದೇ ಬೇಕು ಎಂದು ಪಟ್ಟು ಹಿಡಿದರು.

“ಅದು ರೋಗಿಗಳ ವಿಷಯ ಸಾರ್, ನನ್ನದಲ್ಲ ಅಂದೆ,” ಎನ್ನುತ್ತಾರೆ ಕಾವಲಕ್ಕ. “ಒಬ್ಬರು ಪೆನ್ನು ಮುಚ್ಚಿಟ್ಟರು. ಅಲ್ಲಿಗೆ ಮುಗೀತು ಅಂತ ಗೊತ್ತಾಯ್ತು.”

ಮೂರು ವಾರದ ನಂತರ ಎರಡು ಸಾಲಿನ ಮೇಲ್ ಬಂತು: ಅನುಭವವನ್ನು ಸಾಬೀತುಪಡಿಸುವಲ್ಲಿ ತಾವು ಯಶಸ್ವಿಯಾಗಿಲ್ಲ. ಬೀಗ ಕಾಯುವವರು ಬೇಕು ಎಂದು ಕರೆದು, ಬೀಗ ತೆಗೆಯಲಿಲ್ಲ ಎಂದು ಹೊರಗೆ ಹಾಕುವ ಈ ಮಹಾಶಯರ ಬುದ್ಧಿಗೆ ಏನು ಹೇಳೋಣ? ಅಲ್ಲಿ ಬಾಯಿ ಬಿಟ್ಟು ಕೆಲಸ ಗಿಟ್ಟಿಸಿಕೊಂಡವರು ನಾಳೆ ಇವರ ಗುಟ್ಟನ್ನು ಇನ್ನೊಂದು ಗಾಜಿನ ಕೋಣೆಯಲ್ಲಿ ಹರಡುವುದಿಲ್ಲವೇ?

ಗಂಡ ಒಂದೇ ಒಂದು ಸಲ ಕೇಳಿದರಂತೆ, ಸ್ವಲ್ಪ ಹೇಳಿದ್ದರೆ ಏನಾಗುತ್ತಿತ್ತು ಎಂದು. ಆ ರಾತ್ರಿ ಊಟವಾದ ಮೇಲೆ ಅತ್ತೆಯೇ ತಟ್ಟೆ ಎತ್ತುತ್ತಾ, “ವಾಚ್‌ಮನ್ ಕೆಲಸ ಅಂದ್ರೆ ಕಾಯೋದೇ ಅಲ್ವೇನೋ,” ಎಂದು ಮಗನಿಗೆ ಹೇಳಿದರು. ಅಂದಿನಿಂದ ಸೊಸೆ ಆ ಮಾತನ್ನು ತಿದ್ದಿಲ್ಲ.

ಕಾವಲಕ್ಕನ ಆಸೆ ದೊಡ್ಡದೇನಲ್ಲ. “ಸಂಬಳ ಎಷ್ಟು, ಸುತ್ತು ಎಷ್ಟು ಅಂತ ಮೊದಲೇ ಹೇಳಲಿ. ಬೇಡ ಅಂದ್ರೆ ಬೇಡ ಅಂತಾದ್ರೂ ಹೇಳಲಿ. ಇನ್ನೊಬ್ಬರ ಗುಟ್ಟು ಕೇಳದೇ ನನ್ನ ಕೆಲಸ ನೋಡಲಿ.” ಮುಂದಿನ ವಾರ ಹದಿನೈದನೇ ಕಂಪನಿಯ ಸಂದರ್ಶನ.

ಹೊರಡುವ ಮುಂಚೆ, ಈ ಲೇಖನಕ್ಕಾದರೂ ಹ್ಯಾಕರುಗಳು ನುಗ್ಗಿದ ದಿನ ನಡೆದದ್ದನ್ನು ಹೇಳಬಾರದೇ ಎಂದು ಕೇಳಿದ್ದಾಯಿತು. ಅವರು ನಕ್ಕು ಡೈರಿ ಮುಚ್ಚಿದರು.

“ಆ ದಾಖಲೆಗಳಲ್ಲಿ ನಿಮ್ಮ ತಾಯಿಯದೂ ಇದ್ದಿರಬಹುದು. ನಾನು ಹೇಳ್ಲಾ?”